ಆಟದ ನಡುವೆ ಟ್ಯಾಕ್ಟಿಕ್ಸ್ ಕಾಣಲು ನಾನು ಕಣ್ಣು ಪಳಗಿಸಿಕೊಂಡ ರೀತಿ

ಚೆಸ್ ಪಜಲ್ ಬಿಡಿಸುವಾಗ ಒಂದು ವಿಷಯ ಮೊದಲೇ ಗೊತ್ತಿರುತ್ತದೆ: ಇಲ್ಲಿ ಏನೋ ಟ್ಯಾಕ್ಟಿಕ್ಸ್ ಇದೆ, ಅಂದರೆ ಕೆಲವೇ ನಡೆಗಳಲ್ಲಿ ಕಾಯಿ ಗೆಲ್ಲುವ ಇಲ್ಲವೇ ಮೇಟ್ ಮಾಡುವ ಉಪಾಯ. ಅದಕ್ಕೇ ರಾಣಿಯನ್ನು ಬಲಿ ಕೊಡುವ ನಡೆಯನ್ನೂ ಧೈರ್ಯವಾಗಿ ನೋಡುತ್ತೇವೆ. ನಿಜವಾದ ಆಟದಲ್ಲಿ ಆ ಸುಳಿವು ಇರುವುದಿಲ್ಲ. ನಲವತ್ತು ನಡೆಗಳ ಆಟದಲ್ಲಿ ಅಂಥ ಗಳಿಗೆ ಒಂದೋ ಎರಡೋ ಬರಬಹುದು, ಬರದೆಯೂ ಇರಬಹುದು. ಪಜಲ್ ರೇಟಿಂಗ್ ಏರುತ್ತಲೇ ಹೋಗಿ, ಟೂರ್ನಮೆಂಟ್ ರೇಟಿಂಗ್ ಇದ್ದಲ್ಲೇ ಇರುವ ಎಷ್ಟೋ ಆಟಗಾರರನ್ನು ನೋಡಿದ್ದೇನೆ. ನಾನೂ ಬಹಳ ಕಾಲ ಅವರಲ್ಲೊಬ್ಬ. ಇನ್ನಷ್ಟು ಪಜಲ್ ಬಿಡಿಸಿದ್ದರಿಂದ ನನ್ನ ಆಟ ಬದಲಾಗಲಿಲ್ಲ. ಯಾವ ನಡೆಯ ಹೊತ್ತಿಗೆ ನಿಂತು ಹುಡುಕಬೇಕು ಅನ್ನುವುದು ಹಿಡಿತಕ್ಕೆ ಬಂದ ಮೇಲೆ ಬದಲಾಯಿತು.

ಇದು ನಮ್ಮಂಥವರ ಕಷ್ಟ ಮಾತ್ರ ಅಲ್ಲ. 2014ರ ನವೆಂಬರ್‌ನಲ್ಲಿ ರಷ್ಯಾದ ಸೋಚಿಯಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ವಿಶ್ವನಾಥನ್ ಆನಂದ್ ನಡುವೆ ವಿಶ್ವ ಚಾಂಪಿಯನ್‌ಷಿಪ್ ನಡೆಯಿತಲ್ಲ, ಅದರ ಆರನೇ ಆಟ ತೆಗೆದು ನೋಡಿ. 26ನೇ ನಡೆಯಲ್ಲಿ ಬಿಳಿ ಕಾಯಿ ಆಡುತ್ತಿದ್ದ ಕಾರ್ಲ್‌ಸನ್ ರಾಜನನ್ನು ಡಿ2 ಮನೆಗೆ ತಂದರು (ಅಕ್ಷರ ಉದ್ದ ಸಾಲಿನ ಹೆಸರು, ಅಂಕಿ ಅಡ್ಡ ಸಾಲಿನದು). ಆಗ ಆನಂದ್ ಅವರ ಕುದುರೆ ಇ5ರ ಪಾನ್ (ಕಾಲಾಳು) ಹೊಡೆಯಬಹುದಿತ್ತು. ಕುದುರೆ ಜಾಗ ಬಿಟ್ಟರೆ ಜಿ8ರಲ್ಲಿರುವ ಆನೆ ಹೋಗುತ್ತದೆ ಅಂತ ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಬಿಳಿ ಆನೆ ಅದನ್ನು ಹೊಡೆದ ಕೂಡಲೇ ಕುದುರೆ ಸಿ4ರ ಪಾನನ್ನೂ ಹೊಡೆದು ಚೆಕ್ ಕೊಡುತ್ತದೆ. ಇನ್ನೊಂದು ಚೆಕ್ ಕೊಟ್ಟು ಪಾರಾಗುತ್ತದೆ. ಆಮೇಲೆ ಕಪ್ಪು ಆನೆ ಬಿಳಿ ಆನೆಯನ್ನು ವಾಪಸ್ ಹೊಡೆಯುತ್ತದೆ. ಲೆಕ್ಕ ಮುಗಿದಾಗ ಎರಡು ಪಾನ್ ಲಾಭ. ಆನಂದ್ ಎ ಸಾಲಿನ ಪಾನ್ ತಳ್ಳಿದರು, ಆಟ ಕಾರ್ಲ್‌ಸನ್ ಗೆದ್ದರು. ಇದನ್ನೇ ಪಜಲ್ ಅಂತ ಕೈಗೆ ಕೊಟ್ಟಿದ್ದರೆ ಇಬ್ಬರಿಗೂ ಕೆಲವು ಸೆಕೆಂಡು ಸಾಕಿತ್ತು ಅಂತ ನನ್ನ ನಂಬಿಕೆ.

ಈ ಆಟವನ್ನು ಬೋರ್ಡ್ ಮೇಲೆ ಇಟ್ಟು ಮತ್ತೆ ಮತ್ತೆ ನೋಡಿದಾಗ ಒಂದು ವಿಷಯ ಮನಸ್ಸಿನಲ್ಲಿ ಕೂತಿತು. ಅವಕಾಶ ಹುಟ್ಟಿದ್ದು ಎದುರಾಳಿಯ ನಡೆಯಿಂದ. ರಾಜ ಡಿ2ಗೆ ಬಂದಿರದಿದ್ದರೆ ಸಿ4ರಲ್ಲಿ ಚೆಕ್ ಇರುತ್ತಿರಲಿಲ್ಲ. ಅಂದಿನಿಂದ ಎದುರಾಳಿ ಆಡಿದ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕಾಯಿ ಇಲ್ಲಿಯವರೆಗೆ ಯಾವ ಮನೆ ಕಾಯುತ್ತಿತ್ತು? ಹೊಸ ಜಾಗದಲ್ಲಿ ಯಾವುದರ ಏಟಿಗೆ ಸಿಗುತ್ತದೆ? ಎಲ್ಲರೂ ಕೇಳುವ 'ಅವನು ಏನು ಮಾಡಲು ಹೊರಟಿದ್ದಾನೆ' ಅನ್ನುವ ಪ್ರಶ್ನೆಯೂ ಬೇಕು. ಆದರೆ ಅದೊಂದನ್ನೇ ಕೇಳಿದರೆ ಅವನ ಯೋಚನೆಯ ಹಿಂದೆಯೇ ಹೋಗುತ್ತೇವೆ. ಪ್ರತಿ ನಡೆಯೂ ಏನನ್ನಾದರೂ ಬಿಟ್ಟುಕೊಡುತ್ತದೆ. ಅದನ್ನು ಮೊದಲು ನೋಡಬೇಕು.

ಎರಡನೆಯ ಅಭ್ಯಾಸ, ಕಾವಲಿಲ್ಲದ ಕಾಯಿಗಳನ್ನು ಎಣಿಸುವುದು. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಹೇಳಬೇಕು, ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ. ಬಿಳಿ ಪಾನ್ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3, ಕಪ್ಪು ಪಾನ್ ಡಿ6. ಬಿಳಿ ಒಂಟೆ ಸಿ4, ಕಪ್ಪು ಕುದುರೆ ಸಿ6. ಬಿಳಿ ಇನ್ನೊಂದು ಕುದುರೆ ಸಿ3, ಕಪ್ಪು ಒಂಟೆ ಜಿ4. ಈಗ ಎಫ್3 ಕುದುರೆ ಪಿನ್ ಆಗಿದೆ, ಅದು ಕದಲಿದರೆ ಹಿಂದಿನ ರಾಣಿ ಬಯಲಾಗುತ್ತದೆ. ಆದರೂ ಇ5ರ ಪಾನ್ ಹೊಡೆದರೆ? ಕಪ್ಪು ತನ್ನ ಕುದುರೆಯಿಂದ ಇ5ರಲ್ಲಿ ಹೊಡೆಯುತ್ತದೆ, ಆ ಕುದುರೆ ಜಿ4 ಒಂಟೆಗೂ ಕಾವಲಾಗುತ್ತದೆ. ಬಿಳಿಗೆ ಒಂದು ಕಾಯಿ ನಷ್ಟ.

ಅದೇ ಬಿಳಿ ಮೊದಲು ಪಾನ್ ಎಚ್3 ಆಡಿ, ಕಪ್ಪು ಒಂಟೆ ಎಚ್5ಕ್ಕೆ ಸರಿದರೆ ಕಥೆ ಪೂರ್ತಿ ಬೇರೆ. ಎಚ್5ಕ್ಕೆ ಇ5ರಿಂದ ಕುದುರೆಯ ಕಾವಲು ಸಿಗುವುದಿಲ್ಲ. ಈಗ ಬಿಳಿ ಕುದುರೆ ಇ5 ಹೊಡೆಯಬಹುದು. ಕಪ್ಪು ಆಸೆಪಟ್ಟು ರಾಣಿಯನ್ನು ಹೊಡೆದರೆ ಒಂಟೆ ಎಫ್7 ಹೊಡೆದು ಚೆಕ್, ರಾಜ ಇ7, ಕುದುರೆ ಡಿ5, ಮೇಟ್. ಕಪ್ಪು ಕುದುರೆಯಿಂದ ಇ5 ಹೊಡೆದರೆ ಬಿಳಿ ರಾಣಿ ಎಚ್5 ಒಂಟೆ ಹೊಡೆಯುತ್ತದೆ. ಕಪ್ಪು ಕುದುರೆ ಸಿ4 ಒಂಟೆ ಹೊಡೆಯುತ್ತದೆ. ಆಗ ರಾಣಿ ಬಿ5 ಚೆಕ್, ಮುಂದಿನ ನಡೆಗೆ ಸಿ4 ಕುದುರೆಯೂ ಸಿಕ್ಕಿತು. ಒಂದು ಪಾನ್ ಲಾಭ. ಒಂಟೆ ಒಂದೇ ಒಂದು ಮನೆ ಸರಿದಿದ್ದಕ್ಕೆ ಇಷ್ಟೆಲ್ಲ! ಮೇಟ್ ಆಗುವ ನಡೆಗಳ ಸರಣಿಯನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ನನಗೆ ಕಲಿಸಿದ್ದು ಪಾನ್ ಗೆಲ್ಲುವ ಸರಣಿ. ಟ್ಯಾಕ್ಟಿಕ್ಸ್ ಇರುವುದು ಕುದುರೆಯ ನಡೆಯಲ್ಲಿ ಅಲ್ಲ, ಎಚ್5ರ ಒಂಟೆಗೆ ಯಾರೂ ಕಾವಲಿಲ್ಲ ಅನ್ನುವುದರಲ್ಲಿ.

ಹಾಗಾಗಿ ಈಗ ಎದುರಾಳಿ ಯೋಚಿಸುತ್ತಿರುವಾಗ ನಾನು ಲೆಕ್ಕ ಹಾಕುವುದಿಲ್ಲ, ಬರೀ ನೋಡುತ್ತೇನೆ. ಅವನ ಯಾವ ಕಾಯಿಗೆ ಕಾವಲಿಲ್ಲ, ಯಾವ ಕಾಯಿ ಎರಡು ಕೆಲಸ ಹೊತ್ತಿದೆ, ರಾಜ ಮತ್ತು ರಾಣಿ ಒಂದೇ ಸಾಲಿನಲ್ಲೋ ಓರೆಯಲ್ಲೋ ಇವೆಯಾ, ಕ್ಯಾಸ್ಲಿಂಗ್ ಮಾಡಿ ಆನೆಯ ಪಕ್ಕ ಬದಿಗೆ ಸರಿದ ರಾಜನಿಗೆ ಹಿಂದಿನ ಸಾಲಿನಿಂದ ಹೊರಬರಲು ದಾರಿ ಇದೆಯಾ. ಇದೇ ಕಣ್ಣು ನನ್ನ ಕಾಯಿಗಳ ಮೇಲೂ ಓಡಬೇಕು. ನನ್ನ ಗಡಿಯಾರ ಓಡುವಾಗ ಲೆಕ್ಕ. ಹೀಗೆ ಕೆಲಸ ಹಂಚಿದ ಮೇಲೆ ಸಮಯದ ಒತ್ತಡವೂ ಕಡಿಮೆಯಾಯಿತು. ಇದನ್ನು ಬ್ಲಿಟ್ಜ್ (ಕೆಲವೇ ನಿಮಿಷಗಳ ವೇಗದ ಆಟ) ಆಡುತ್ತಾ ಕಲಿಯುವುದು ಕಷ್ಟ. ನಾನು ಹದಿನೈದು ನಿಮಿಷ, ಪ್ರತಿ ನಡೆಗೆ ಹೆಚ್ಚುವರಿ ಹತ್ತು ಸೆಕೆಂಡು ಸಿಗುವ ಆಟಗಳಲ್ಲಿ ರೂಢಿ ಮಾಡಿಕೊಂಡೆ.

ಲೆಕ್ಕ ಶುರು ಮಾಡುವಾಗ ಮೊದಲು ಚೆಕ್, ಆಮೇಲೆ ಹೊಡೆತ, ಆಮೇಲೆ ಬೆದರಿಕೆ. ಎಲ್ಲ ಕೋಚ್‌ಗಳೂ ಹೇಳುವ ಮಾತೇ. ನಾನು ಸೇರಿಸಿಕೊಂಡಿದ್ದು ಇಷ್ಟು: ಎಲ್ಲ ಚೆಕ್ಕನ್ನೂ ನೋಡಬೇಕು, ಕಾಯಿ ಸುಮ್ನೆ ಹೋಗುತ್ತದೆ ಅನ್ನಿಸುವ ಚೆಕ್ಕನ್ನೂ. 2016ರ ನ್ಯೂಯಾರ್ಕ್ ವಿಶ್ವ ಚಾಂಪಿಯನ್‌ಷಿಪ್ ಮುಗಿದಿದ್ದೇ ಅಂಥ ನಡೆಯಿಂದ. ರಷ್ಯಾದ ಕರ್ಯಾಕಿನ್ ವಿರುದ್ಧ ಕಾರ್ಲ್‌ಸನ್ ರಾಣಿಯನ್ನು ಎಚ್6ರಲ್ಲಿ ಇಟ್ಟು ಚೆಕ್ ಕೊಟ್ಟರು. ರಾಜ ಹೊಡೆದರೆ ಒಂದು ಆನೆ ಎಚ್8ಕ್ಕೆ ಬಂದು ಮೇಟ್, ಪಾನ್ ಹೊಡೆದರೆ ಇನ್ನೊಂದು ಆನೆ ಎಫ್7 ಹೊಡೆದು ಮೇಟ್. ಎಷ್ಟು ಚೆಂದ ಅಲ್ವಾ?

ಮನೆಯ ಅಭ್ಯಾಸದ ಬಗ್ಗೆ. ಶುರುವಿನಲ್ಲಿ ಫೋರ್ಕ್ (ಒಂದೇ ಕಾಯಿ ಒಟ್ಟಿಗೆ ಎರಡರ ಮೇಲೆ ಏಟು ಹಾಕುವುದು), ಪಿನ್, ಹಿಂದಿನ ಸಾಲಿನ ಮೇಟ್ ಅಂತ ವಿಷಯವಾರು ಪಜಲ್ ಬಿಡಿಸುವುದು ಒಳ್ಳೆಯದೇ. ಕಣ್ಣಿಗೆ ಆಕಾರಗಳ ಪರಿಚಯ ಬೇಕು. 1973ರಲ್ಲಿ ಚೇಸ್ ಮತ್ತು ಸೈಮನ್ ಅನ್ನುವ ಸಂಶೋಧಕರು ಆಟಗಾರರಿಗೆ ಬೋರ್ಡನ್ನು ಐದೇ ಸೆಕೆಂಡು ತೋರಿಸಿ ನೆನಪಿನಿಂದ ಜೋಡಿಸಲು ಹೇಳಿದ್ದರು. ನಿಜವಾದ ಆಟದ ಸ್ಥಿತಿಯಾದರೆ ಮಾಸ್ಟರ್ ಬಹಳ ಮುಂದೆ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಆ ಮುನ್ನಡೆ ಹೆಚ್ಚುಕಡಿಮೆ ಮಾಯ. ಪರಿಚಯದ ಆಕಾರ ಎಷ್ಟು ಮುಖ್ಯ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ 2006ರ ಬಾನ್ ಪಂದ್ಯ. ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಅಂಥವರ ಕಣ್ಣಿಗೇ ಕಂಪ್ಯೂಟರ್ ಪ್ರೋಗ್ರಾಂ ಡೀಪ್ ಫ್ರಿಟ್ಜ್‌ನ ಒಂದೇ ನಡೆಯ ಮೇಟ್ ಬೀಳಲಿಲ್ಲ. ಎಚ್7ರಲ್ಲಿ ರಾಣಿ, ಅದಕ್ಕೆ ಎಫ್8ರಿಂದ ಕುದುರೆಯ ಕಾವಲು. ಜಿ5ರಿಂದ ಕುದುರೆ ಕಾಯುವ ಮೇಟ್ ಎಲ್ಲರಿಗೂ ಗೊತ್ತು. ಎಫ್8ರಿಂದ ಕಾಯುವುದನ್ನು ಎಷ್ಟು ಜನ ನೋಡಿರುತ್ತಾರೆ?

ವಿಷಯವಾರು ಪಜಲ್ ಅಲ್ಲಿಗೆ ಮುಗಿಸಿ, ಆಮೇಲೆ ಮಿಶ್ರ ಪಜಲ್‌ಗೆ ಹೋಗಿ. ಲಿಚೆಸ್‌ನಲ್ಲಿ (ಆನ್‌ಲೈನ್ ಚೆಸ್ ತಾಣ) ಉಚಿತವಾಗಿ ಸಿಗುತ್ತವೆ, ಅಲ್ಲಿ ಆಡಿದ ಆಟಗಳಿಂದಲೇ ತೆಗೆದವು. ನನಗೆ ಎಲ್ಲಕ್ಕಿಂತ ಉಪಯೋಗವಾಗಿದ್ದು ಗೆಳೆಯನೊಬ್ಬನ ಜೊತೆ ಮಾಡಿದ ಅಭ್ಯಾಸ. ಅವನು ಯಾವುದೋ ಆಟದ ಮಧ್ಯದ ಸ್ಥಿತಿ ಜೋಡಿಸುತ್ತಾನೆ. ಅದರಲ್ಲಿ ಟ್ಯಾಕ್ಟಿಕ್ಸ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಕೆಲವು ಕಡೆ ಸರಿಯಾದ ಉತ್ತರ 'ಏನೂ ಇಲ್ಲ, ಆನೆಯನ್ನು ತೆರೆದ ಸಾಲಿಗೆ ತರಬೇಕು' ಅಂತ. 'ಇಲ್ಲ' ಅಂತ ಖಚಿತವಾಗಿ ಹೇಳಲು ಬರಬೇಕು. ಅದು ಬಂದ ಮೇಲೆಯೇ 'ಇದೆ' ಅನ್ನುವ ವಾಸನೆ ನಿಜವಾಗಿ ಹತ್ತುವುದು. ಜೊತೆಗಾರ ಸಿಕ್ಕರೆ ಇದೊಂದನ್ನು ತಪ್ಪದೆ ಮಾಡಿ.

ಆಟ ಮುಗಿದ ಮೇಲೆ ಮೊದಲು ನಾನೇ ನೋಡುತ್ತೇನೆ, ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಆಮೇಲೆ. ಎಂಜಿನ್ ತೋರಿಸಿದ ಅವಕಾಶದ ಪಕ್ಕದಲ್ಲಿ ನಡೆಯ ಬಗೆಯನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಬರೆಯುತ್ತಾ ಹೋದಂತೆ ನನ್ನ ಕಣ್ಣು ಎಲ್ಲಿ ಹೋಗುವುದಿಲ್ಲ ಅನ್ನುವುದು ಗೊತ್ತಾಯಿತು. ಹಿಂದಕ್ಕೆ ಬರುವ ಕುದುರೆ, ಬೋರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಲಾಗಿ ಓಡುವ ರಾಣಿ, ಚೆಕ್ಕೂ ಅಲ್ಲದ ಹೊಡೆತವೂ ಅಲ್ಲದ ಮೌನವಾದ ನಡೆ. ಮುಂದಕ್ಕೆ ಹೋಗುವ ನಡೆಗಳು ತಾವಾಗಿಯೇ ಕಾಣುತ್ತವೆ, ಹಿಂದಕ್ಕೆ ಬರುವವನ್ನು ಬೇಕೆಂದೇ ಹುಡುಕಬೇಕು. ನಿಮ್ಮ ಪಟ್ಟಿ ಬೇರೆ ಇರಬಹುದು, ನಿಮ್ಮದೇ ಆಟಗಳಿಂದ ಮಾಡಿಕೊಳ್ಳಿ.

ಇನ್ನೊಂದು ಮಾತು ಟೂರ್ನಮೆಂಟ್ ಆಡುವವರಿಗೆ. ನಡೆಯನ್ನು ಮೊದಲು ಸ್ಕೋರ್‌ಶೀಟ್‌ನಲ್ಲಿ ಬರೆದು, ಮತ್ತೆ ಯೋಚಿಸಿ, ಆಮೇಲೆ ಆಡಿ ಅಂತ ಹಳೆಯ ಆಟಗಾರರು ಹೇಳಿಕೊಡುತ್ತಿದ್ದರು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಈಗಿನ ನಿಯಮದಲ್ಲಿ ಹಾಗೆ ಮುಂಚಿತವಾಗಿ ಬರೆಯುವಂತಿಲ್ಲ. ಅದರ ಬದಲಿಗೆ ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ಆಡಬೇಕಾದ ನಡೆ ತೀರ್ಮಾನವಾದ ಮೇಲೆ, ಅದು ಆಗಲೇ ಬೋರ್ಡ್ ಮೇಲಿದೆ ಅಂತ ಅಂದುಕೊಂಡು, ಎದುರಾಳಿಗೆ ಸಿಗುವ ಚೆಕ್ಕುಗಳನ್ನೆಲ್ಲ ಒಂದು ಸುತ್ತು ನೋಡುತ್ತೇನೆ. ಮುಟ್ಟಿದ ಕಾಯಿಯನ್ನು ಆಡಲೇಬೇಕು, ಹಾಗಾಗಿ ಈ ಸುತ್ತು ಮುಗಿಯದೆ ಕೈ ಮೇಲೆ ಬರುವುದಿಲ್ಲ.