ಫೋನ್ ಎತ್ತದ ಕಂಟ್ರಾಕ್ಟರ್, ಅರ್ಧಕ್ಕೆ ನಿಂತ ಮಾಡು

ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಉಡುಪಿಯಲ್ಲಿ ಕಾಂಕ್ರೀಟನ್ನು ಮಾತ್ರ ನಂಬಿ ಕೂರುವಂತಿಲ್ಲ. ತಾರಸಿ ಮನೆ ಕಟ್ಟಿದವರೂ ಕೆಲವು ವರ್ಷಗಳಲ್ಲಿ ಅದರ ಮೇಲೊಂದು ಶೀಟಿನ ಮಾಡು ಹಾಕಿಸುತ್ತಾರೆ. ಅಂಬಲಪಾಡಿಯ ನಮ್ಮ ಮನೆಗೂ ಅದು ಬೇಕಾಯಿತು. ಫೆಬ್ರವರಿಯಲ್ಲಿ ಮಾತುಕತೆ ಮುಗಿಯಿತು, ಅರ್ಧ ಹಣ ಮುಂಗಡವಾಗಿ ಹೋಯಿತು, ಕಂಬಗಳು ನಿಂತವು, ಅಡ್ಡ ಪೈಪುಗಳು ತಾರಸಿಗೆ ಬಂದು ಬಿದ್ದವು. ಅಲ್ಲಿಂದ ಕಂಟ್ರಾಕ್ಟರ್ ನಾಪತ್ತೆ. ಮೊದಮೊದಲು “ನಾಳೆ ಹುಡುಗರನ್ನು ಕಳುಹಿಸುತ್ತೇನೆ ಮಾರಾಯರೇ” ಎನ್ನುತ್ತಿದ್ದವರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯೊಳಗೆ ಮಾಡು ಮುಗಿಯಬೇಕೆಂದು ಊರಿಗೆ ಊರೇ ಅವಸರದಲ್ಲಿರುವ ಕಾಲ ಅದು. ಕೈಯಲ್ಲಿರುವ ಒಬ್ಬಿಬ್ಬರು ವೆಲ್ಡರ್‌ಗಳನ್ನು ನಂಬಿಕೊಂಡು ಇವರು ಸಿಕ್ಕಸಿಕ್ಕ ಮನೆಗಳನ್ನೆಲ್ಲ ಒಪ್ಪಿಕೊಂಡಿದ್ದರು. ಪೈಪು ಕೊಟ್ಟ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕುಶಲ ವಿಚಾರಿಸುವಂತೆ ಮಾತು ತೆಗೆದೆ. ಅವರು ಈಗ ಯಾವ ಊರಿನಲ್ಲಿ, ಎಷ್ಟು ದೊಡ್ಡ ಕೆಲಸದಲ್ಲಿದ್ದಾರೆ ಎಂಬುದೆಲ್ಲ ಅಲ್ಲಿ ತಿಳಿಯಿತು. ನಮ್ಮ ಮುಂಗಡ ಇನ್ಯಾರದೋ ಮನೆಯ ಶೀಟಾಗಿತ್ತು. ಹಾಗಿರುವಾಗ ಫೋನಿನಲ್ಲಿ ಬೈದರೆ ಬಾಯಿ ನೋಯುತ್ತದೆಯೇ ಹೊರತು ಹಣ ಬರುವುದಿಲ್ಲ.

ನಾನು ಲೆಕ್ಕಕ್ಕೆ ಕುಳಿತೆ. ಪಕ್ಕದ ಮನೆಯವರು ಲೇತ್ ಕೆಲಸ ಬಲ್ಲವರು. ವರ್ನಿಯರ್ ಕ್ಯಾಲಿಪರ್ ಹಿಡಿದು ತಾರಸಿಗೆ ಬಂದರು. ಪೈಪಿನ ಕೊಯ್ದ ತುದಿಯಲ್ಲಿ ಎದ್ದಿದ್ದ ಚೂಪು ಅಂಚನ್ನು ಉಜ್ಜಿ ತೆಗೆದು ದಪ್ಪ ನೋಡಿದರೆ 1.6 ಮಿಲಿಮೀಟರ್! ಕೊಟೇಶನ್ ಚೀಟಿಯಲ್ಲಿ ಬರೆದಿದ್ದದ್ದು 2. ಕಡಲು ಹತ್ತಿರವಿರುವ ನಮ್ಮಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಕ್ಯಾಲಿಪರಿನ ಅಂಕಿ ಕಾಣುವ ಹಾಗೆ ಫೋಟೊ ತೆಗೆದೆ. ನಿಂತ ಕಂಬಗಳೆಷ್ಟು, ಬಿದ್ದಿರುವ ಪೈಪುಗಳೆಷ್ಟು ಎಂದು ಬರೆದು, ಇನ್ನೊಬ್ಬ ವೆಲ್ಡರನ್ನು ಕರೆಸಿ ಆಗಿರುವ ಕೆಲಸಕ್ಕೆ ಬೆಲೆ ಕಟ್ಟಿಸಿದೆ. ಹಾಳೆಯ ಒಂದು ಬದಿಯಲ್ಲಿ ಕೊಟ್ಟ ಹಣ, ಇನ್ನೊಂದು ಬದಿಯಲ್ಲಿ ಆದ ಕೆಲಸ.

“ಪೊಲೀಸ್ ಕಂಪ್ಲೇಂಟ್ ಕೊಡಿ” ಎಂದವರು ಬಹಳ ಮಂದಿ. ಇಂಥದ್ದನ್ನು ಠಾಣೆಯಲ್ಲಿ ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯವೆಂದು ಬದಿಗಿಡುತ್ತಾರೆ. ನನಗೆ ಸರಿ ಕಂಡ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹಣ ಪಡೆದು ಕೆಲಸ ಬಿಟ್ಟುಹೋಗುವುದು ಅದರ ಪ್ರಕಾರ ಸೇವಾ ನ್ಯೂನತೆ. ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ವಕೀಲರು ಬೇಕೇಬೇಕೆಂದಿಲ್ಲ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ಅಷ್ಟೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆದರೆ ಅದಕ್ಕೆ ಮೊದಲು ಒಂದು ಪತ್ರ. ಸಿಟ್ಟಿನ ಒಂದು ಶಬ್ದವೂ ಬಾರದಂತೆ ಬರೆದೆ: ಇಂತಿಷ್ಟು ಹಣ ಸಂದಿದೆ, ಇಂತಿಷ್ಟು ಕೆಲಸವಾಗಿದೆ, ಪೈಪಿನ ದಪ್ಪ ಹೀಗಿದೆ; ಮೇ 5ರೊಳಗೆ ಕೆಲಸ ಶುರುವಾಗದಿದ್ದರೆ ಬೇರೆಯವರಿಂದ ಮಾಡಿಸುತ್ತೇನೆ, ಉಳಿದ ಮುಂಗಡವನ್ನು ಹಿಂದಿರುಗಿಸಿ, ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಫೋಟೊಗಳನ್ನು ಲಗತ್ತಿಸಿ, ಸ್ವೀಕೃತಿ ಚೀಟಿ ಸಮೇತ ಅಂಚೆಗೆ ಹಾಕಿ, ಅದನ್ನೇ ವಾಟ್ಸ್ಆ್ಯಪಿನಲ್ಲೂ ಕಳುಹಿಸಿದೆ.

ಸ್ವೀಕೃತಿ ಚೀಟಿ ವಾಪಸು ಬರುವ ಮೊದಲೇ ಕಂಟ್ರಾಕ್ಟರ್ ಬಂದರು! ಜಗಲಿಯಲ್ಲಿ ಕುಳಿತು, “ಇದಕ್ಕೆಲ್ಲ ಕಾಗದ ಯಾಕೆ ಮಾರಾಯರೇ, ಒಂದು ಮಾತು ಹೇಳಿದ್ದರೆ ಸಾಕಿತ್ತು” ಎಂದರು. ಹೇಳಲು ಅವರು ಫೋನ್ ಎತ್ತಬೇಕಿತ್ತಲ್ಲ! ನಾನು ಆ ಮಾತು ಬೆಳೆಸದೆ ಹಾಳೆಯನ್ನು ಮುಂದಿಟ್ಟೆ. ಕಂಬಗಳ ಬೆಲೆಗೆ ಸ್ವಲ್ಪ ಕೊಸರಾಡಿದರು. ಕ್ಯಾಲಿಪರಿನ ಫೋಟೊ ಕಂಡ ಮೇಲೆ ಸುಮ್ಮನಾದರು. ಪೈಪುಗಳು ನಮಗೆ, ಉಳಿದ ಹಣ ಎರಡು ಕಂತಿನಲ್ಲಿ ವಾಪಸು ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಮೊದಲ ಕಂತು ಹೇಳಿದ ದಿನಕ್ಕೆ ಬಂತು, ಎರಡನೆಯದು ಚೌತಿ ಕಳೆದ ಮೇಲೆ.

ಬೆಲೆ ಕಟ್ಟಿಕೊಟ್ಟ ವೆಲ್ಡರೇ ಕೆಲಸ ಮುಗಿಸಿಕೊಟ್ಟರು. ತೆಳು ಪೈಪಿಗಾಗಿ ಕಂಬಗಳ ನಡುವೆ ಇನ್ನೊಂದು ಸಾಲು ಆಧಾರ ಕೊಡಿಸಿದೆ. ಅವರಿಗೆ ಮುಂಗಡವೆಂದು ಕೊಟ್ಟದ್ದು ಬಹಳ ಕಡಿಮೆ. ಶೀಟಿನ ಹಣವನ್ನು ನಾನೇ ಅಂಗಡಿಗೆ ಕಟ್ಟಿದೆ, ಕೂಲಿಯನ್ನು ಕೆಲಸ ನೋಡಿ ಕೊಡುತ್ತಾ ಹೋದೆ. ಕೊನೆಯ ಕಂತು ಮಾತ್ರ ಒಂದು ಜೋರು ಮಳೆ ಸುರಿದು, ಬೋಲ್ಟಿನ ಬುಡದಲ್ಲಿ ನೀರು ಇಳಿಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಎಂದಾಗ ಅವರು ಗೊಣಗಿದರು. ಆದರೂ ಒಪ್ಪಿದರು.