ಕಮ್ಯುನಿಟಿ ಕಾಲೇಜಿನಲ್ಲಿ ಸಮಾಜಶಾಸ್ತ್ರ: ಎರಡು ವರ್ಷ ಮೂರಾಗದಿರಲು

ಕ್ಯಾಲಿಫೋರ್ನಿಯಾದಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ, ಅಪರಾಧ ನ್ಯಾಯ ಓದಬೇಕೆನ್ನುವವರಿಗೆ ಅಗ್ಗದ ದಾರಿಯೊಂದಿದೆ: ಮೊದಲೆರಡು ವರ್ಷ ಕಮ್ಯುನಿಟಿ ಕಾಲೇಜು, ಉಳಿದೆರಡು ವಿಶ್ವವಿದ್ಯಾಲಯ. ಹಾಗೆ ಹೊರಟವರು ಮೂರನೇ ವರ್ಷವೂ ಅಲ್ಲೇ ಉಳಿದದ್ದನ್ನು ಇಲ್ಲಿನ ಕನ್ನಡ ಮನೆಗಳಲ್ಲೇ ಕಂಡಿದ್ದೇನೆ. ಮಕ್ಕಳು ಪಾಠದಲ್ಲಿ ಎಡವಿರಲಿಲ್ಲ, ಕೋರ್ಸ್ ಆರಿಸುವುದರಲ್ಲಿ ಎಡವಿದ್ದರು.

ಹಂತ 1: ಸೇರಿಕೊಳ್ಳಿ. ಪ್ರವೇಶ ಪರೀಕ್ಷೆಯಿಲ್ಲ, ಅರ್ಜಿ ಉಚಿತ. ರಾಜ್ಯದ ನಿವಾಸಿಗಳಿಗೆ ಶುಲ್ಕ, ಕೋರ್ಸಿನ ತೂಕ ಅಳೆಯುವ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಉಳಿದವರಿಗೆ ಅದರ ಹಲವು ಪಟ್ಟು, ಹಾಗಾಗಿ ನಿವಾಸದ ದಾಖಲೆ ಮೊದಲೇ ಕೊಟ್ಟುಬಿಡಿ.

ಹಂತ 2: ಅಸಿಸ್ಟ್ ಡಾಟ್ ಆರ್ಗ್ ತೆರೆಯಿರಿ; ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸನ್ನು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಒಪ್ಪುತ್ತವೆ ಎಂದು ತೋರಿಸುವ ಜಾಲತಾಣ ಅದು. ಇಲ್ಲಿ ಅವಸರ ಬೇಡ, ಒಂದು ಸಂಜೆಯನ್ನೇ ಇದಕ್ಕೆ ಎತ್ತಿಡಿ. ನಿಮ್ಮ ಕಾಲೇಜು, ಸೇರಬಯಸುವ ವಿಶ್ವವಿದ್ಯಾಲಯ, ವರ್ಷ, ಮೇಜರ್ (ಮುಖ್ಯ ವಿಷಯ) ಆರಿಸಿದರೆ ಎರಡು ಕಾಲಂ ಬರುತ್ತದೆ. ಎಡಗಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸ್, ಬಲಗಡೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದು. ಬಲಗಡೆ ಸಮನಾದ ಕೋರ್ಸ್ ಇಲ್ಲ ಎಂದಿದ್ದರೆ, ಹೆಸರು ಎಷ್ಟೇ ಹೋಲಲಿ, ಅದನ್ನು ನಂಬಬೇಡಿ. ಕನಸಿನ ವಿಶ್ವವಿದ್ಯಾಲಯ ಮೂರಿದ್ದರೆ ಮೂರನ್ನೂ ಬೇರೆಬೇರೆಯಾಗಿ ತೆರೆದು ನೋಡಿ. ಪರಿಚಿತರ ಮಗಳೊಬ್ಬಳು ಸಮಾಜಶಾಸ್ತ್ರಕ್ಕೆ ಗಣಿತವೇಕೆ ಎಂದು ಸಂಖ್ಯಾಶಾಸ್ತ್ರವನ್ನು ಬಿಟ್ಟಿದ್ದಳು. ಅವಳ ಪಟ್ಟಿಯಲ್ಲಿ ಅದು ಕಡ್ಡಾಯವಾಗಿತ್ತು.

ಅಪರಾಧ ನ್ಯಾಯಕ್ಕೆ ಇಲ್ಲಿನ ಹೆಚ್ಚಿನ ಕಾಲೇಜುಗಳಲ್ಲಿ ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಎಂಬ ಹೆಸರು, ಹುಡುಕುವಾಗ ನೆನಪಿರಲಿ. ಈ ವಿಭಾಗದ ಕೆಲವು ಕೋರ್ಸ್‌ಗಳನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಇದರಲ್ಲಿ ಉದಾರಿ.

ಇನ್ನೊಂದು ಹೊಂಡ ಯೂನಿಟ್ ಲೆಕ್ಕ. ಕ್ಯುಪರ್ಟಿನೋದ ಡಿ ಆಂಜಾ ಕ್ವಾರ್ಟರ್ ಪದ್ಧತಿಯ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳ) ಕಾಲೇಜು; ಅಲ್ಲಿನ 90 ಯೂನಿಟ್ ಎಂದರೆ ಸೆಮಿಸ್ಟರ್ ಪದ್ಧತಿಯ 60. ಒಂದೆರಡು ಕೋರ್ಸ್ ಸೆಮಿಸ್ಟರ್ ಪದ್ಧತಿಯ ಬೇರೆ ಕಾಲೇಜಿನಲ್ಲಿ ಮಾಡಿದವರು ಆ ಯೂನಿಟ್‌ಗಳನ್ನು ಒಂದೂವರೆಯಿಂದ ಗುಣಿಸದೆ ಕೂಡಿ, ಕೊನೆಗೆ ಪೇಚಿಗೆ ಸಿಲುಕುತ್ತಾರೆ.

ಹಂತ 3: ಪಟ್ಟಿಯನ್ನು ಮುದ್ರಿಸಿಕೊಂಡು ಕಾಲೇಜಿನ ಕೌನ್ಸೆಲರ್ ಬಳಿ ಹೋಗಿ. ಬರಿಗೈಯಲ್ಲಿ ಹೋದರೆ ಬರಿಗೈಯಲ್ಲೇ ಬರುತ್ತೀರಿ. ಕೌನ್ಸೆಲರ್‌ಗೆ ದುಡ್ಡು ಕೊಡಬೇಕಿಲ್ಲ. ನೂರಾರು ಡಾಲರ್ ಕೀಳುವ ಖಾಸಗಿ ಸಲಹೆಗಾರರೂ ನೋಡುವುದು ಇದೇ ಜಾಲತಾಣವನ್ನು.

ಹಂತ 4: ಓದಿ. ಜೀವವಿಜ್ಞಾನದ ಅಗತ್ಯಕ್ಕೆ ಜೈವಿಕ ಮಾನವಶಾಸ್ತ್ರ ಸಲ್ಲುತ್ತದೆ, ಅದನ್ನು ಪ್ರಯೋಗಾಲಯದ ಸಮೇತ ತೆಗೆದುಕೊಳ್ಳಿ; ಈ ವಿಷಯ ಓದುವವರಿಗೆ ರಸಾಯನಶಾಸ್ತ್ರಕ್ಕಿಂತ ತಲೆಬುರುಡೆ ಅಳೆಯುವುದೇ ಮೇಲು. ಹೊಸ ಪಠ್ಯಪುಸ್ತಕಕ್ಕೆ ದುಡ್ಡು ಸುರಿಯುವ ಮುನ್ನ ಹಳೆಯ ಆವೃತ್ತಿ ನಡೆಯುತ್ತದೆಯೇ ಎಂದು ಅಧ್ಯಾಪಕರನ್ನು ಕೇಳಿ. ಓಪನ್‌ಸ್ಟ್ಯಾಕ್ಸ್ ಜಾಲತಾಣದಲ್ಲಿ ಸಮಾಜಶಾಸ್ತ್ರದ ಪಠ್ಯ ಪುಕ್ಕಟೆ.

ಜನರ ನಡುವೆ ಹೋಗಿ ಕಂಡದ್ದನ್ನು ಗುರುತುಹಾಕಿಕೊಂಡ ಕ್ಷೇತ್ರ ಟಿಪ್ಪಣಿಗಳನ್ನು ಅದೇ ದಿನ ವಿಸ್ತರಿಸಿ ಬರೆದು, ಪ್ರತಿಯನ್ನು ಬೇರೆ ಕಡೆ ಇಡಿ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ಮೈಸೂರು ಸೀಮೆಯ ಹಳ್ಳಿಯ ಕಥನವನ್ನು ಅವರು ನೆನಪನ್ನೇ ನೆಚ್ಚಿ ಬರೆಯಬೇಕಾಯಿತು.

ಹಂತ 5: ಅರ್ಜಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಟ್ಯಾಗ್ ಎಂಬ ಖಾತರಿ ಪ್ರವೇಶದ ಅರ್ಜಿಯನ್ನು ಸೆಪ್ಟೆಂಬರ್‌ನಲ್ಲೇ ಹಾಕಬೇಕು, ಅದೂ ಒಂದೇ ಕ್ಯಾಂಪಸ್‌ಗೆ. ಅಪರಾಧಶಾಸ್ತ್ರ ಬೇಕೆನ್ನುವವರಿಗೆ ನಾನು ಹೇಳುವುದು ಅರ್ವೈನ್. ಬರ್ಕ್‌ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಈ ಖಾತರಿ ಕೊಡುವುದಿಲ್ಲ.