ಕರೆಂಟ್ ಮುಗಿದ ಮೇಲಿನ ಎರಡು ವಾರ: ನನ್ನ ಅನುಭವ

ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್, ಅಂದರೆ ಕರೆಂಟ್, ತಗೊಳ್ಳುತ್ತಿರುವ, ಮುಂದೆ ತಗೊಳ್ಳಬೇಕಾಗಿರುವ ಅಕ್ಕತಂಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದೊಂದು ಸಲ ಕರೆಂಟ್ ಕೊಡುವುದಕ್ಕೆ ಸಿಟ್ಟಿಂಗ್ ಅನ್ನುತ್ತಾರೆ, ಕೊನೆಯ ಸಿಟ್ಟಿಂಗ್ ದಿನ ಕಷ್ಟ ಮುಗಿಯುವುದಿಲ್ಲ. ಚರ್ಮಕ್ಕೆ ಜಾಸ್ತಿ ತ್ರಾಸ ಆಗುವುದೇ ಅದಾದ ಮೇಲಿನ ಒಂದೆರಡು ವಾರದಲ್ಲಿ. ಆಗ ಮನೆಯವರೆಲ್ಲ "ಮುಗೀತಲ್ಲ, ಇನ್ನೇನು" ಅಂತ ನಿರಾಳ ಆಗಿರುತ್ತಾರೆ, ಸಹಾಯಕ್ಕೆ ಬಂದಿದ್ದ ತಂಗಿ ಊರಿಗೆ ಹೊರಟಿರುತ್ತಾಳೆ, ದಿನಾ ನೋಡುತ್ತಿದ್ದ ಸಿಸ್ಟರ್ ಕೂಡ ಹತ್ತಿರ ಇರುವುದಿಲ್ಲ, ಸರಿಯಾಗಿ ಅದೇ ಹೊತ್ತಿಗೆ ಸ್ತನದ ಕೆಳಗಿನ ಮಡಿಕೆಯಲ್ಲಿ ಚರ್ಮ ಕಿತ್ತು ಬರಲು ಶುರುವಾಗುತ್ತದೆ. ನನಗೆ ಇದನ್ನು ಮೊದಲೇ ಬಿಡಿಸಿ ಹೇಳಿದವರು ಒಬ್ಬ ಸಿಸ್ಟರ್. ಅವರ ಮಾತು ಕೇಳಿ ತಯಾರಿ ಮಾಡಿಕೊಂಡೆ. ಆ ತಯಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಚಿತ್ರದುರ್ಗದಲ್ಲಿ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಎಡ ಸ್ತನದಲ್ಲಿ ಗಡ್ಡೆ ಇತ್ತು. ಆಪರೇಷನ್ ಮಾಡಿ ಗಡ್ಡೆ, ಕಂಕುಳಿನ ಗಂಟು ತೆಗೆದರು. ಕೀಮೋ ಆಯಿತು. ಆಮೇಲೆ ರೇಡಿಯೇಷನ್, ನಮ್ಮ ಕಡೆ ಎಲ್ಲರೂ ಅನ್ನುವ ಹಾಗೆ ಕರೆಂಟ್. ಅದಕ್ಕೆ ದಾವಣಗೆರೆಗೆ ಹೋಗಿ ಬರುತ್ತಿದ್ದೆ. ಸೋಮವಾರದಿಂದ ಶುಕ್ರವಾರ, ಶನಿವಾರ ಭಾನುವಾರ ರಜೆ. ಹಿಂದೆಲ್ಲ 25 ಸಿಟ್ಟಿಂಗ್, ಐದು ವಾರ ಕೊಡುತ್ತಿದ್ದರು. ಈಗ ಬಹಳ ಜನರಿಗೆ 15 ಸಿಟ್ಟಿಂಗ್, ಮೂರು ವಾರ. ನನ್ನದೂ ಮೂರು ವಾರದ ಲೆಕ್ಕವೇ, ಅದರ ಮೇಲೆ ಗಡ್ಡೆ ಇದ್ದ ಜಾಗಕ್ಕೆ ಕೆಲವು ದಿನ ಬೂಸ್ಟ್, ಅಂದರೆ ಹೆಚ್ಚುವರಿ ಕರೆಂಟ್.

ಶುರುವಾಗುವ ಮುಂಚೆ ಎರಡು ಕೆಲಸ ಇದೆ. ಒಂದು ಕೈಯದ್ದು. ಕರೆಂಟ್ ಕೊಡುವಾಗ ಕೈ ತಲೆ ಮೇಲಕ್ಕೆ ಎತ್ತಿ ಮಲಗಬೇಕು, ಅದೂ ಅಲ್ಲಾಡದೆ. ಆಪರೇಷನ್ ಆದ ಕಡೆ ಭುಜ ಬಿಗಿದುಕೊಂಡಿದ್ದರೆ ಕರೆಂಟ್ ಎಲ್ಲಿ ಹೇಗೆ ಕೊಡಬೇಕು ಅಂತ ಮೊದಲೇ ಲೆಕ್ಕ ಹಾಕುವ ಪ್ಲ್ಯಾನಿಂಗ್ ಸ್ಕ್ಯಾನ್ ಮಾಡುವುದೇ ಕಷ್ಟ. ಹಾಗಾಗಿ ಗೋಡೆಗೆ ಬೆರಳು ಊರಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹತ್ತಿಸುವ ವ್ಯಾಯಾಮವನ್ನು ಕೀಮೋ ನಡೆಯುವಾಗಲೇ ಬಿಡದೆ ಮಾಡಿ. ಇನ್ನೊಂದು ಉಸಿರಿನದ್ದು. ಎಡ ಭಾಗದವರಿಗೆ ಹೃದಯ ಹತ್ತಿರ ಇರುತ್ತಲ್ವಾ, ಅದಕ್ಕೆ ದೀರ್ಘ ಉಸಿರು ಎಳೆದು ಹಿಡಿಯಲು ಹೇಳುತ್ತಾರೆ. ಶ್ವಾಸಕೋಶ ತುಂಬಿದಾಗ ಹೃದಯ ಎದೆಗೂಡಿನಿಂದ ಸ್ವಲ್ಪ ದೂರ ಸರಿಯುತ್ತದೆ, ಅಷ್ಟು ಹೊತ್ತು ಮಾತ್ರ ಕರೆಂಟ್ ಬಿಡುತ್ತಾರೆ. ಒಂದು ಸಲಕ್ಕೆ ಇಪ್ಪತ್ತು ಸೆಕೆಂಡ್ ಹತ್ತಿರ ಹಿಡಿಯಬೇಕು. ಮನೆಯಲ್ಲಿ ಚಾಪೆ ಮೇಲೆ ಮಲಗಿ, ಮಗಳು ಎಣಿಸುತ್ತಿದ್ದರೆ ನಾನು ಉಸಿರು ಹಿಡಿದು ಅಭ್ಯಾಸ ಮಾಡಿದೆ. ಮೆಷಿನ್ ಕೆಳಗೆ ಹೋದಾಗ ಗಾಬರಿ ಆಗಲಿಲ್ಲ. ಅಲ್ಲಿ ನೋವೂ ಇಲ್ಲ, ಬಿಸಿಯೂ ಇಲ್ಲ. ಸರಿಯಾಗಿ ಮಲಗಿಸಿ ಮೈಮೇಲೆ ಗುರುತು ಹಾಕಿದ ಗೆರೆ ಹೊಂದಿಸುವುದಕ್ಕೇ ಹೊತ್ತು ಜಾಸ್ತಿ ಬೇಕು.

ಇನ್ನು ಪ್ರಯಾಣ. ದುರ್ಗದಿಂದ ದಾವಣಗೆರೆಗೆ ಅರವತ್ತು ಕಿಲೋಮೀಟರ್ ಆಸುಪಾಸು, ಭರಮಸಾಗರ, ಆನಗೋಡು ದಾಟಿ ಹೋಗುವ ಹೈವೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ, ದಿನಾ ಹೋಗಿ ಬರುವವರಿಗೆ ಇದು ಎಷ್ಟು ಆಸರೆ ಅಂತ ಅನುಭವಿಸಿದವರಿಗೇ ಗೊತ್ತು. ನಾನು ಎಡ ಸಾಲಿನ ಕಿಟಕಿ ಪಕ್ಕವೇ ಕೂರುತ್ತಿದ್ದೆ. ಎಡ ಮೈಗೆ ಯಾರೂ ಒರಗುವುದಿಲ್ಲ. ಬೆಳಗ್ಗೆ ಹೋಗುವಾಗ ಬಿಸಿಲೂ ಆ ಕಡೆ ಬೀಳುವುದಿಲ್ಲ. ಸೀಟು ಸಿಗದಿದ್ದರೆ ಬಾಯಿಬಿಟ್ಟು ಕೇಳಿ. ಆಪರೇಷನ್ ಆಗಿದೆ ಅಂದರೆ ಜನ ಎದ್ದು ಜಾಗ ಕೊಡುತ್ತಾರೆ. ಕಾರಿನಲ್ಲಿ ಹೋಗುವವರು ಸೀಟ್ ಬೆಲ್ಟ್ ತಾಗುವ ಕಡೆ ಮೆತ್ತಗಿನ ಟವೆಲ್ ಮಡಚಿ ಇಟ್ಟುಕೊಳ್ಳಿ, ಬೆಲ್ಟ್ ಮಾತ್ರ ಬಿಡಬೇಡಿ.

ಈಗ ಚರ್ಮದ ವಿಷಯ. ಮೊದಲ ವಾರ ಏನೂ ಕಾಣುವುದಿಲ್ಲ. ಆಸ್ಪತ್ರೆಯವರು ಕೊಡುವ ಚೀಟಿಯಲ್ಲಿ "ಚರ್ಮ ಕೆಂಪಾಗುತ್ತದೆ" ಅಂತ ಬರೆದಿರುತ್ತಾರೆ. ನಮ್ಮ ಮೈಬಣ್ಣಕ್ಕೆ ಅದು ಕೆಂಪಾಗಿ ಕಾಣುವುದೇ ಅಪರೂಪ, ಕಪ್ಪಾಗುತ್ತದೆ. ಹಾಗಾಗಿ ಕೆಂಪಿಲ್ಲ ಅಂದುಕೊಂಡು ಸುಮ್ನೆ ಇರಬೇಡಿ. ಮುಟ್ಟಿದರೆ ಬೆಚ್ಚಗಿದೆಯಾ, ಬಿಗಿ ಅನ್ನಿಸುತ್ತಾ, ಸಣ್ಣ ಸಣ್ಣ ಗುಳ್ಳೆ ಎದ್ದು ತುರಿಸುತ್ತಾ ಅಂತ ನೋಡಿಕೊಳ್ಳಿ.

ಮೇಲಿನಿಂದ ಸುಟ್ಟ ಗಾಯದ ತರಹ ಅಲ್ಲ ಇದು. ಹೊಸ ಚರ್ಮ ಹುಟ್ಟಿಸುವ ತಳದ ಪದರಕ್ಕೆ ಪೆಟ್ಟು ಬಿದ್ದಿರುತ್ತದೆ. ಮೇಲಿನ ಹಳೇ ಚರ್ಮ ಎಂದಿನ ಹಾಗೆ ಸವೆದು ಹೋಗುತ್ತಾ ಇರುತ್ತದೆ, ಕೆಳಗಿನಿಂದ ಅದರ ಜಾಗಕ್ಕೆ ಬರಬೇಕಾದ್ದು ಬರುವುದಿಲ್ಲ. ಹೊಸ ಚಿಗುರು ಬರದೆ ಹಳೇ ಎಲೆ ಉದುರಿದ ಹಾಗೆ. ಹಾಗಾಗಿಯೇ ತಡವಾಗಿ ಬರುತ್ತದೆ, ಕರೆಂಟ್ ನಿಂತ ಮೇಲೂ ಜಾಸ್ತಿಯಾಗುತ್ತದೆ. ಇದು ಅರ್ಥವಾದ ಮೇಲೆ ನನಗೆ ಭಯ ಅರ್ಧ ಕಡಿಮೆಯಾಯಿತು. ಟ್ರೀಟ್ಮೆಂಟ್ ಕೆಟ್ಟು ಹೋಗಿ ಹೀಗಾಗುತ್ತಿದೆ ಅಂತ ಅಳುವವರನ್ನು ಅಲ್ಲೇ ಕಾಯುವ ಬೆಂಚಿನ ಮೇಲೆ ನೋಡಿದ್ದೇನೆ. ಹಾಗಲ್ಲ ಅಮ್ಮ, ಇದು ಹೀಗೇ ಬರುವುದು.

ಚರ್ಮ ಮೊದಲು ಒಡೆಯುವುದು ಉಜ್ಜುವ ಜಾಗದಲ್ಲಿ, ಬೆವರು ನಿಲ್ಲುವ ಜಾಗದಲ್ಲಿ. ಕಂಕುಳು ಮತ್ತು ಸ್ತನದ ಕೆಳಗಿನ ಮಡಿಕೆ. ಬ್ಲೌಸ್ ಹೊಲಿಯುವವಳಾದ್ದರಿಂದ ನನಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಬ್ಲೌಸಿನಲ್ಲಿ ತೋಳಿನ ಹೊಲಿಗೆ ಮತ್ತು ಪಕ್ಕದ ಹೊಲಿಗೆ ಬಂದು ಕೂಡುವುದು ಸರಿಯಾಗಿ ಕಂಕುಳಿನ ನಡುವೆ. ನಾಲ್ಕು ಪದರ ಬಟ್ಟೆ, ಲೈನಿಂಗ್ ಇದ್ದರೆ ಎಂಟು. ಬೆರಳಿನಿಂದ ಒತ್ತಿ ನೋಡಿ, ಗಟ್ಟಿ ಗಂಟು ಸಿಗುತ್ತದೆ. ಆ ಗಂಟು ದಿನವಿಡೀ ಅದೇ ಚರ್ಮಕ್ಕೆ ತಿಕ್ಕುತ್ತದೆ.

ದಾವಣಗೆರೆ ಪೇಟೆಯಲ್ಲಿ ತೆಳು ಮಲ್ ಬಟ್ಟೆ ತಂದೆ. ಗಂಜಿ ಹೋಗಲಿ ಅಂತ ಎರಡು ಸಲ ನೆನೆಸಿ ಒಗೆದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೈ ಮತ್ತು ತೋಳು ಒಂದೇ ತುಂಡು ಬರುವ ಹಾಗೆ ಕತ್ತರಿಸಿದೆ, ಹಳೇ ಕಾಲದ ಜುಬ್ಬದ ರೀತಿ. ಹೀಗೆ ಕತ್ತರಿಸಿದರೆ ಭುಜದಲ್ಲಿ ಹೊಲಿಗೆ ಬರುವುದಿಲ್ಲ. ಕಂಕುಳಲ್ಲಿ ಚೌಕಾಕಾರದ ಒಂದು ಕ್ರಾಸ್ ಪೀಸ್ ಕೂಡಿಸಿದೆ. ಆಗ ಹೊಲಿಗೆಗಳೆಲ್ಲ ಕಂಕುಳಿನ ನಡುವಿನಿಂದ ನಾಲ್ಕು ಬೆರಳು ಆಚೆ ಸರಿಯುತ್ತವೆ. ಹೊಲಿಗೆಯ ಅಂಚನ್ನು ಒಳಗೆ ಬಿಡಲಿಲ್ಲ, ಹೊರಗೆ ತಿರುಗಿಸಿ ಮಡಚಿ ಹೊಲಿದೆ. ನೋಡಲು ಉಲ್ಟಾ ಹಾಕಿಕೊಂಡ ಹಾಗೆ ಕಾಣುತ್ತದೆ, ಕಾಣಲಿ. ಹುಕ್ ಇಲ್ಲ, ಎಲಾಸ್ಟಿಕ್ ಇಲ್ಲ. ಮುಂದೆ ಒಂದರ ಮೇಲೊಂದು ಬಂದು ಬಲಗಡೆ ಲಾಡಿಯಿಂದ ಕಟ್ಟುವುದು. ಎದೆ ಸುತ್ತ ಮೈ ಅಳತೆಗಿಂತ ಎಂಟು ಇಂಚು ಜಾಸ್ತಿ ಬಿಟ್ಟೆ, ಯಾಕಂದರೆ ಸ್ತನ ಊದಿಕೊಳ್ಳುತ್ತದೆ. ಬಣ್ಣ ಬಿಳಿಯದ್ದೇ ಇರಲಿ. ರಸಿಕೆ ಸೋರಿದರೆ ತಕ್ಷಣ ಕಾಣುತ್ತದೆ, ಬಿಸಿ ನೀರಲ್ಲಿ ಒಗೆಯಬಹುದು. ಮಾರ್ಕಿಂಗ್ ಶಾಯಿ ಹತ್ತಿದರೂ ಬೇಜಾರಿಲ್ಲ. ಇದರ ಮೇಲೆಯೇ ಸೀರೆ ಉಟ್ಟು ಸೆರಗನ್ನು ಬಲ ಭುಜಕ್ಕೆ ಹಾಕಿಕೊಂಡು ಹೋಗಿ ಬಂದೆ.

ಕರಿಮಣಿ ಸರದ ಮಾತೂ ಹೇಳಬೇಕು. ನನಗೆ ಕಾಲರ್ ಮೂಳೆಯ ಮೇಲಕ್ಕೂ ಕರೆಂಟ್ ಇತ್ತು, ಸರ ಸರಿಯಾಗಿ ಅಲ್ಲೇ ಉಜ್ಜುತ್ತಿತ್ತು. ತೆಗೆಯುವುದು ಹೇಗೆ ಅಂತ ನಾನು ಯೋಚಿಸುತ್ತಿದ್ದಾಗ ನಮ್ಮ ಅತ್ತೆಯೇ "ಬಲಗೈಗೆ ಸುತ್ತಿಕೋ, ಏನಾಗಲ್ಲ" ಅಂದರು. ಮಿಕ್ಕವರ ಮಾತಿಗೆ ಆಮೇಲೆ ಬೆಲೆ ಉಳಿಯಲಿಲ್ಲ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ಆ ಜಾಗಕ್ಕೆ ಸೋಪು ಉಜ್ಜುವಂತಿಲ್ಲ, ಮಾರ್ಕಿಂಗ್ ಗೆರೆ ಅಳಿಸುವಂತಿಲ್ಲ. ನೀರು ಹರಿಯಲು ಬಿಟ್ಟು ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ಪೌಡರ್, ಸೆಂಟು, ಐಸ್, ಬಿಸಿ ಶಾಖ ಯಾವುದೂ ಬೇಡ. ಅರಿಶಿನ ಹಚ್ಚು, ಬೆಣ್ಣೆ ಹಚ್ಚು, ಲೋಳೆಸರ ಹಚ್ಚು ಅಂತ ನೂರು ಜನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ನಾನು ಯಾವುದನ್ನೂ ಹಚ್ಚಲಿಲ್ಲ. ಲೋಳೆಸರದ ಮೇಲೆ ಪರೀಕ್ಷೆಗಳೇ ನಡೆದಿವೆ, ಇದನ್ನು ತಡೆಯುತ್ತದೆ ಅಂತ ಸಾಬೀತಾಗಿಲ್ಲ. ದಪ್ಪಗೆ ಏನಾದರೂ ಮೆತ್ತಿಕೊಂಡು ಮೆಷಿನ್ ಕೆಳಗೆ ಮಲಗಿದರೆ ಚರ್ಮಕ್ಕೆ ಬೀಳುವ ಡೋಸ್ ಹೆಚ್ಚಾಗುತ್ತದೆ. ಡಾಕ್ಟರ್ ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್ ಕ್ರೀಮ್ ಬರೆದುಕೊಟ್ಟಿದ್ದರು, ಮನೆಗೆ ಬಂದ ಮೇಲೆ ತೆಳುವಾಗಿ ಹಚ್ಚುತ್ತಿದ್ದೆ. ತುರಿಕೆ, ಉರಿ ಎರಡೂ ಹತೋಟಿಯಲ್ಲಿದ್ದವು. ಇದನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರಬೇಡಿ. ಚರ್ಮ ಒಡೆದ ಮೇಲೆ ಇದನ್ನು ನಿಲ್ಲಿಸಿ ಬೇರೆ ಕೊಡುತ್ತಾರೆ.

ಒಡೆದದ್ದು ಹೇಗಿತ್ತು ಅಂದರೆ, ಮೊದಲು ಮಡಿಕೆಯೊಳಗಿನ ಚರ್ಮ ನೀರಲ್ಲಿ ನೆಂದ ಬೆರಳಿನ ಹಾಗೆ ಬೆಳ್ಳಗೆ ಮೆತ್ತಗಾಯಿತು. ಮಾರನೇ ದಿನ ಬಟ್ಟೆಗೆ ಅಂಟಿಕೊಂಡು ಬಂತು. ಕೆಳಗೆ ಹಸಿ ಗುಲಾಬಿ ಬಣ್ಣ, ಅಂಟಂಟು ನೀರು. ಹತ್ತು ರೂಪಾಯಿ ನಾಣ್ಯದಷ್ಟು ಇದ್ದದ್ದು ನೋಡನೋಡುತ್ತಾ ಅರ್ಧ ಅಂಗೈಯಷ್ಟಾಯಿತು. ಕೊನೆಯ ಸಿಟ್ಟಿಂಗ್ ದಿನವೇ ಸಿಸ್ಟರ್ ಹತ್ತಿರ ಫೋನ್ ನಂಬರ್ ಬರೆಸಿಕೊಂಡಿದ್ದೆ, ಡ್ರೆಸ್ಸಿಂಗ್ ಸಾಮಾನನ್ನೂ ಅಲ್ಲೇ ತಂದಿಟ್ಟಿದ್ದೆ. ಫೋನ್ ಮಾಡಿದೆ, ಬಂದು ತೋರಿಸಿ ಅಂದರು, ಹೋದೆ. ಸಲೈನ್ ನೀರಲ್ಲಿ ತೊಳೆಯುವುದು, ಸಿಲ್ವರ್ ಇರುವ ಮುಲಾಮು, ಮೇಲೆ ಗಾಯಕ್ಕೆ ಅಂಟದ ಗಾಜ್ ಬಟ್ಟೆ. ಪ್ಲಾಸ್ಟರ್ ಟೇಪನ್ನು ಆ ಚರ್ಮಕ್ಕೆ ಯಾವತ್ತೂ ಅಂಟಿಸಬಾರದು, ಕೀಳುವಾಗ ಒಳ್ಳೆಯ ಚರ್ಮವೂ ಜೊತೆಗೆ ಬರುತ್ತದೆ. ನಾನು ಮಲ್ ಬಟ್ಟೆಯ ಅಗಲ ಪಟ್ಟಿಯನ್ನು ಸಡಿಲವಾಗಿ ಸುತ್ತಿ ಗಾಜ್ ನಿಲ್ಲಿಸಿದೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಎಡಗೈ ದಿಂಬಿನ ಮೇಲೆ ಎತ್ತಿಟ್ಟು, ಫ್ಯಾನ್ ಗಾಳಿಗೆ ಎದೆ ಬಿಟ್ಟುಕೊಂಡು ಮಲಗುತ್ತಿದ್ದೆ. ಆ ಹೊತ್ತಿನಲ್ಲಿ ಯಾರೂ ಒಳಗೆ ಬರಬಾರದು ಅಂತ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೆ. ತಂಗಿಯನ್ನೂ ಕರೆಂಟ್ ನಡೆಯುವಾಗ ಬರಬೇಡ, ಮುಗಿದ ಮೇಲೆ ಬಾ ಅಂದಿದ್ದೆ. ಎರಡು ಮೂರು ವಾರದಲ್ಲಿ ಅಂಚಿನಿಂದ ಹೊಸ ಚರ್ಮ ಕೂಡಿಕೊಂಡು ಬಂತು. ಜ್ವರ, ಕೀವು, ವಾಸನೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಸುಸ್ತು ಕೂಡ ಹೀಗೆಯೇ, ಹಿಂದೆ ಉಳಿದು ಬರುತ್ತದೆ. ಕೀಮೋ ಸುಸ್ತು ಬೇರೆ, ಇದು ಬೇರೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದರೂ ಕೈಕಾಲು ಎಳೆಯುತ್ತದೆ. ಮಲಗಿದಷ್ಟೂ ಜಾಸ್ತಿ. ಸಾಯಂಕಾಲ ಬಿಸಿಲಿಳಿದ ಮೇಲೆ ಹಳೇ ಮಾಧ್ಯಮಿಕ ಶಾಲೆ ಮೈದಾನದಲ್ಲಿ ನಿಧಾನಕ್ಕೆ ನಡೆಯುತ್ತಿದ್ದೆ, ಒಂದೊಂದು ದಿನ ಒಂದೇ ಸುತ್ತು. ನಡೆದ ದಿನ ಹಗುರ ಅನ್ನಿಸುತ್ತಿತ್ತು. ಗಂಟಲು ನೋವು ಮೂರನೇ ವಾರಕ್ಕೆ ಬಂತು. ಕುತ್ತಿಗೆ ಬುಡಕ್ಕೆ ಕರೆಂಟ್ ಇದ್ದವರಿಗೆ ಬರುತ್ತದೆ. ಮುದ್ದೆ ಬಿಟ್ಟು ತಣ್ಣಗಿನ ರಾಗಿ ಅಂಬಲಿ, ಮೊಸರನ್ನ, ಮೆತ್ತಗೆ ಬೇಯಿಸಿದ ಬೇಳೆ. ಖಾರ ಪೂರ್ತಿ ಬಂದ್. ಕೆಲವು ದಿನದಲ್ಲಿ ಕಡಿಮೆಯಾಯಿತು.

ಒಂದು ಮಾತು ಕೋಪದಿಂದಲೇ ಹೇಳುತ್ತೇನೆ. "ಕರೆಂಟ್ ತಗೊಂಡವಳ ಹತ್ತಿರ ಮಗು ಬಿಡಬೇಡಿ" ಅಂತ ನಮ್ಮ ಬೀದಿಯಲ್ಲೇ ಮಾತಾಯಿತು. ಹೊರಗಿನ ಮೆಷಿನ್‌ನಿಂದ ಕೊಡುವ ಕರೆಂಟ್ ಮೆಷಿನ್ ನಿಂತ ಕೂಡಲೇ ಮುಗಿಯಿತು. ಮೈಯಲ್ಲಿ ಏನೂ ಉಳಿಯುವುದಿಲ್ಲ. ಮೊಮ್ಮಗು ನನ್ನ ಬಲಮಗ್ಗುಲಲ್ಲೇ ಮಲಗಿತ್ತು. ಇಂಥ ಮಾತಿಗೆ ಹೆದರಿ ಒಬ್ಬ ಹೆಣ್ಣುಮಗಳನ್ನು ಮೂಲೆಗೆ ಕೂರಿಸುವುದು ದೊಡ್ಡ ಪಾಪ.

ಗಾಯ ಮಾಯ್ದ ಮೇಲೆ ಗಮನ ಕೈ ಮತ್ತು ಉಸಿರಿನ ಕಡೆ ಇರಲಿ. ಕಂಕುಳ ಗಂಟು ತೆಗೆದು ಮೇಲೆ ಕರೆಂಟೂ ಆಗಿದ್ದರೆ ಕೈ ಊದಿಕೊಳ್ಳುವ ಸಾಧ್ಯತೆ ಜಾಸ್ತಿ, ಅದು ತಿಂಗಳು, ವರ್ಷ ಕಳೆದೂ ಬರಬಹುದು. ನಾನು ವಾರಕ್ಕೊಮ್ಮೆ ಟೇಪು ಹಿಡಿದು ಮೊಣಕೈಯಿಂದ ನಾಲ್ಕು ಇಂಚು ಮೇಲೆ, ನಾಲ್ಕು ಇಂಚು ಕೆಳಗೆ, ಎರಡೂ ಕೈ ಅಳೆದು ಅಳತೆ ಪುಸ್ತಕದಲ್ಲೇ ಬರೆಯುತ್ತೇನೆ. ಎರಡು ಕೈಗೆ ಎರಡು ಸೆಂಟಿಮೀಟರ್ ವ್ಯತ್ಯಾಸ ಬಂದರೆ ತೋರಿಸಬೇಕು. ಎಡಗೈ ಬಳೆ ಬಿಗಿಯಾದರೂ ತೋರಿಸಬೇಕು. ಸೂಜಿ ಚುಚ್ಚದ ಹಾಗೆ ಎಡಗೈ ಬೆರಳಿಗೂ ಈಗ ಅಂಗುಸ್ತಾನ ಹಾಕುತ್ತೇನೆ. ಒಣ ಕೆಮ್ಮು, ನಡೆದರೆ ಏದುಸಿರು, ಸಣ್ಣ ಜ್ವರ ಇವು ಕರೆಂಟ್ ಮುಗಿದು ಒಂದರಿಂದ ಆರು ತಿಂಗಳೊಳಗೆ ಬಂದರೆ ಶೀತ ಅಂತ ಮನೆ ಔಷಧಿ ಮಾಡಬೇಡಿ. ಶ್ವಾಸಕೋಶಕ್ಕೆ ತಾಗಿರಬಹುದು, ಕರೆಂಟ್ ಕೊಟ್ಟ ಡಾಕ್ಟರಿಗೇ ಹೇಳಿ. ನಡುನಡುವೆ ಸ್ತನದಲ್ಲಿ ಚುಳುಕ್ ಅನ್ನುವ ನೋವು ನನಗೆ ಈಗಲೂ ಬರುತ್ತದೆ. ಅದನ್ನೂ ಕೇಳಿದ್ದೇನೆ, ಬಹಳ ಜನರಿಗೆ ಇರುತ್ತದಂತೆ.

ಆ ಜುಬ್ಬ ಹೊಲಿಸಿಕೊಳ್ಳುವವರು ಮೊದಲ ಸಿಟ್ಟಿಂಗ್‌ಗೆ ಮುಂಚೆಯೇ ಹೊಲಿಸಿಕೊಳ್ಳಿ, ಒಂದಲ್ಲ ನಾಲ್ಕು. ಯಾವ ಟೈಲರ್ ಆದರೂ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ. ಊತ ಬಂದ ಮೇಲೆ ಅಳತೆ ಕೊಡಲು ಹೋದರೆ ಟೇಪು ತಾಗಿದರೂ ನೋಯುತ್ತದೆ.